ಇನಿಯನೆಂದರೆ ಯಾರು

ಮೂಡಲಪಾಳ್ಯದಲ್ಲಿ ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಪ್ರತಿ ಭಾನುವಾರ ಸಣ್ಣದೊಂದು ಕ್ರೈಸ್ತ ಸಭೆ ಆರಾಧನೆಗೆ ಸೇರುತ್ತಿತ್ತು. ಅದರ ಪಾಸ್ಟರ್ ಕೃಪಾಕರ, ಕೊಳ್ಳೇಗಾಲದ ಕಡೆಯವನು, ನಲವತ್ತರ ಆಸುಪಾಸಿನ ಮೆದು ಮಾತಿನ ಮನುಷ್ಯ. ಸಭೆಯವರಲ್ಲಿ ಯಾರ ಮನೆಯಲ್ಲಿ ಜ್ವರ ಅಂದರೂ ಮೊದಲು ಹೋಗಿ ಹಾಸಿಗೆಯ ಪಕ್ಕ ಕೂರುವವನು ಅವನೇ. ಅವನ ಹೆಂಡತಿ ವಿಜಯಶ್ರೀ ಗದಗ ಬೆಟಗೇರಿಯವಳು, ವಿಜಯನಗರದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರ್. ಇಬ್ಬರೂ ಅತ್ತಿಗುಪ್ಪೆಯಲ್ಲಿ, ಮೆಟ್ರೋ ನಿಲ್ದಾಣದ ಹಿಂದಿನ ಬೀದಿಯ ಬಾಡಿಗೆ ಮನೆಯಲ್ಲಿದ್ದರು.

ಅವರಿಬ್ಬರನ್ನು ಹತ್ತಿರ ತಂದದ್ದು ಹೀಬ್ರೂ ಭಾಷೆ. ಕೆಂಗೇರಿಯಾಚೆಯ ದೇವಜ್ಞಾನ ಕಾಲೇಜಿನಲ್ಲಿ ಓದುವಾಗ ಉಳಿದವರೆಲ್ಲ ಪರೀಕ್ಷೆಗೆ ಬೇಕಾದಷ್ಟು ಕಲಿತು ಕೈಬಿಟ್ಟರೆ ಇವರಿಬ್ಬರಿಗೆ ಮಾತ್ರ ಅದರ ರುಚಿ ಹತ್ತಿತು. ಕೊನೆಯ ವರ್ಷ ಗುರುಗಳು ಹೀಬ್ರೂ ಧರ್ಮಶಾಸ್ತ್ರ ಗ್ರಂಥದ ನಡುವೆ ಸೇರಿಕೊಂಡಿರುವ ಪ್ರೇಮಗೀತೆಗಳನ್ನು ಪಾಠ ಮಾಡಿದರು. ಒಬ್ಬ ಹುಡುಗಿ, ಅವಳು ಇನಿಯ ಎಂದು ಕರೆಯುವ ಒಬ್ಬ ಹುಡುಗ, ದ್ರಾಕ್ಷಿ ತೋಟ, ಪಟ್ಟಣದ ಕಾವಲುಗಾರರು. ದೇವರ ಹೆಸರು ಮಾತ್ರ ಇಲ್ಲವೆನ್ನುವಷ್ಟು ಅಪರೂಪ. ಯೆಹೂದಿ ಪಂಡಿತರು ಅದನ್ನು ದೇವರಿಗೂ ತಮ್ಮ ಜನಕ್ಕೂ ನಡುವಿನ ಪ್ರೀತಿಯೆಂದು ಓದಿದರು. ಕ್ರೈಸ್ತರು ಕ್ರಿಸ್ತನಿಗೂ ಸಭೆಗೂ ನಡುವಿನದೆಂದರು. ಈಚೆಗೆ ಬಂದ ವಿದ್ವಾಂಸರು, ಇದು ಗಂಡುಹೆಣ್ಣಿನ ಹಾಡೇ, ಅದಕ್ಕಿಂತ ಹೆಚ್ಚಿನದನ್ನು ಅದರ ಮೇಲೆ ಹೊರಿಸಬೇಡಿ ಎಂದರು. ಗುರುಗಳು ಎಲ್ಲವನ್ನೂ ಹೇಳಿ, ನಿಮಗೆ ಯಾವುದು ಸರಿ ಅನಿಸುತ್ತದೋ ಅದನ್ನು ಬರೆದು ತನ್ನಿ ಎಂದರು. ಕೃಪಾಕರ ಕ್ರಿಸ್ತನ ಅರ್ಥವನ್ನು ಬರೆದ. ವಿಜಯಶ್ರೀ ಗಂಡುಹೆಣ್ಣಿನ ಅರ್ಥವನ್ನು ಬರೆದಳು. ಇಬ್ಬರೂ ಆ ವರ್ಷವೆಲ್ಲ ಕ್ಯಾಂಟೀನಿನಲ್ಲಿ ಕೂತು ವಾದಿಸಿದರು. ಪ್ರೀತಿಯ ಬಗ್ಗೆ ಇಷ್ಟು ಆರ್ತನಾಗಿ ಮಾತಾಡುವವನ ಒಳಗೆ ಅದೆಷ್ಟು ಪ್ರೀತಿ ಇರಬಹುದು ಎಂದುಕೊಂಡು ವಿಜಯಶ್ರೀ ಅವನನ್ನು ಮದುವೆಯಾದಳು.

ಮದುವೆಯಾಗಿ ಹತ್ತು ವರ್ಷದ ಮೇಲಾಗಿತ್ತು. ಮಕ್ಕಳಿರಲಿಲ್ಲ. ಸಭೆಯ ಹೆಂಗಸರು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಂಡು ನಿಂತಿರುತ್ತಿದ್ದಳು. ಭಾನುವಾರ ಬೋಧಿಸುವ ಪ್ರಸಂಗದ ತಯಾರಿ ಮಾಡಬೇಕು ಎಂದು ಶುರುವಾದ ಅಭ್ಯಾಸದಂತೆ ಕೃಪಾಕರ ಒಳಗಿನ ಇನ್ನೊಂದು ಕೋಣೆಯಲ್ಲಿ ಪುಸ್ತಕಗಳ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಿದ್ದ ಸಂಗತಿ ಅವರ್ಯಾರಿಗೂ ಗೊತ್ತಿರಲಿಲ್ಲ. ಅವನು ಒರಟಾಗಿ ಒಂದು ಮಾತನ್ನೂ ಆಡಿದವನಲ್ಲ. ಅವಳಿಗೆ ತಲೆನೋವು ಬಂದರೆ ಕಷಾಯ ಮಾಡಿಕೊಡುತ್ತಿದ್ದ. ತನ್ನಲ್ಲೇ ಏನೋ ಕೊರತೆಯಿದೆ ಎಂದು ವಿಜಯಶ್ರೀ ಮೊದಮೊದಲು ಹೊಸ ಸೀರೆ ಉಟ್ಟಳು, ಹೂವು ಮುಡಿದಳು. ಆಮೇಲೆ ಬಿಟ್ಟಳು.

ಗುರುವಾರದ ಸ್ತ್ರೀಯರ ಕೂಟವನ್ನು ಅವಳೇ ನಡೆಸುತ್ತಿದ್ದಳು. ಅಲ್ಲಿಗೆ ಬರುತ್ತಿದ್ದವರಲ್ಲಿ ಸೌಂದರ್ಯಾ ಎಲ್ಲರಿಗಿಂತ ಚಿಕ್ಕವಳು. ಸಿಂಧನೂರಿನ ಕಡೆಯಿಂದ ಗಂಡ ಅಮರೇಶನ ಜೊತೆ ಬಂದು ಮೂಡಲಪಾಳ್ಯದ ಒಂದೇ ಕೋಣೆಯ ಮನೆಯಲ್ಲಿ ಸಂಸಾರ ಹೂಡಿದ್ದಳು. ಅಮರೇಶ ಬೈಕಿನಲ್ಲಿ ಊಟದ ಪಾರ್ಸೆಲ್ ತಲುಪಿಸುವ ಕೆಲಸ ಮಾಡುತ್ತಿದ್ದ. ಅವಳಿಗೆ ಡೆಂಗಿ ಬಂದಾಗ ಕೃಪಾಕರ ದಂಪತಿ ಓಡಾಡಿ ನೋಡಿಕೊಂಡಿದ್ದರು. ಅಂದಿನಿಂದ ಗಂಡಹೆಂಡತಿ ಇಬ್ಬರೂ ಸಭೆಗೆ ಬರತೊಡಗಿದ್ದರು.

ಆ ಗುರುವಾರ ಪ್ರಾರ್ಥನೆ ಮುಗಿದ ಮೇಲೆ ಸೌಂದರ್ಯಾ ಎದ್ದು ಹೋಗದೆ ಕೂತೇ ಇದ್ದಳು.

“ಅಮ್ಮಾರ, ಒಂದು ಕೇಳ್ತೀನಿ, ಬೈಬ್ಯಾಡ್ರಿ,” ಎಂದಳು. “ಹೋದ ವಾರ ಉಪವಾಸ ಪ್ರಾರ್ಥನಿಗೆ ಹೊರಗಿಂದ ಬಂದಿದ್ದ ಬೋಧಕರು, ಗಂಡನ ಮ್ಯಾಲೆ ಜೀವ ಇಟ್ಕೊಂಡಾಕಿ ಎದಿಯೊಳಗ ದೇವ್ರಿಗೆ ಜಾಗ ಇರೂದಿಲ್ಲ ಅಂದ್ರು. ನನಗ ಅವ ಗಾಡಿ ನಿಲ್ಸೋ ಸಪ್ಪಳ ಕೇಳಿದ್ರ ಸಾಕು, ಮೈಯೆಲ್ಲ ಒಂಥರಾ ಆಕ್ಕೈತಿ. ಅದು ಪಾಪ ಏನ್ರಿ?”

ಉಳಿದ ಹೆಂಗಸರು ತಲೆ ತಗ್ಗಿಸಿದರು. ಒಬ್ಬಿಬ್ಬರು ಸೆರಗಿನೊಳಗೆ ನಕ್ಕರು. ದೇವರೇ ಮೊದಲು, ಗಂಡ ಆಮೇಲೆ ಎಂದು ಹೇಳಿ ವಿಜಯಶ್ರೀ ಮಾತು ಮುಗಿಸಬಹುದಿತ್ತು. ಆದರೆ ಆ ಹುಡುಗಿಯ ಮುಖದಲ್ಲಿದ್ದ ಹೆದರಿಕೆ ಅವಳಿಗೆ ಸಹಿಸಲಾಗಲಿಲ್ಲ. ತಾನು ಓದಿದ್ದು ಇಂಥ ಒಂದು ದಿನಕ್ಕಾಗಿಯಲ್ಲದೆ ಇನ್ಯಾತಕ್ಕೆ ಎನ್ನಿಸಿತು. ಪ್ರೇಮಗೀತೆಗಳ ಪುಟ ತೆರೆದು ತನ್ನ ಊರಿನ ಮಾತಿನಲ್ಲೇ ಹೇಳತೊಡಗಿದಳು.

“ಇಲ್ಲಿ ನಮ್ಮ ಕನ್ನಡದಾಗ ಪ್ರೀತಿ ಅಂತ ಹಾಕ್ಯಾರ ನೋಡು. ಹೀಬ್ರೂದಾಗ ಇರೋ ಶಬ್ದ ದೋದೀಮ್. ಅದು ಬರೇ ಮನಸಿನ್ಯಾಗಿನ ಪ್ರೀತಿ ಅಲ್ಲ. ಗಂಡ ಹೆಂಡ್ತಿ ಮುಟ್ಟೋದು, ಮುದ್ದು ಮಾಡೋದು, ಕೂಡೋದು, ಅದಕ್ಕಿರೋ ಶಬ್ದ ಅದು. ಅದನ್ನ ಶಾಸ್ತ್ರದೊಳಗ ಇಟ್ಟಾರ. ನಾಚಿಕಿ ಪಡದ ಇಟ್ಟಾರ. ಅದು ಪಾಪ ಆಗಿದ್ರ ಇಡ್ತಿದ್ದಿಲ್ಲ.”

“ಹಂಗಾರ ಇದ್ರೊಳಗ ದೇವ್ರು ಇಲ್ಲೇನ್ರಿ?”

“ಅದಾನ. ಅದನ್ನ ಕೊಟ್ಟಾವ ಅವನ. ಆದ್ರ ಆ ಹುಡುಗಿ ಕಾಯಾಕತ್ತಿದ್ದು ದೇವ್ರನ್ನಲ್ಲ, ತನ್ನ ಹುಡುಗನ್ನ.”

ಸೌಂದರ್ಯಾಳ ಮುಖ ಬಿಚ್ಚಿಕೊಂಡಿತು. “ನಮ್ಮಜ್ಜಿ ಭಜನಿಯಾಗ ಕುಂತು, ಶಿವನ ನನ್ನ ಗಂಡ ಅಂತ ಹಾಡ್ತಿದ್ಳ್ರಿ. ಮನಿಗೆ ಬಂದು ಅಜ್ಜಗ ರೊಟ್ಟಿ ಬಡಿತಿದ್ಳು. ಇಬ್ರಾಗ ಯಾರಬೇ ನಿನ್ನ ಗಂಡ ಅಂದ್ರ, ಅವ ಆ ಗಂಡ, ಇವ ಈ ಗಂಡ, ನಿನಗ್ಯಾಕ ಬೇಕು ಅಂತಿದ್ಳು.”

ಎಲ್ಲರೂ ನಕ್ಕರು. ವಿಜಯಶ್ರೀಯೂ ನಕ್ಕಳು. ಆದರೆ ಮನೆಗೆ ನಡೆದು ಹೋಗುವಾಗ, ತಾನು ಎಂದೂ ಉಣ್ಣದ ಊಟದ ರುಚಿಯನ್ನು ಇನ್ನೊಬ್ಬರಿಗೆ ಬಣ್ಣಿಸಿ ಬಂದಂತೆ ಅವಳ ಬಾಯಿ ಒಣಗಿತ್ತು.

ಹದಿನೈದು ದಿನದೊಳಗೆ ಮಾತು ಸಭೆಯನ್ನು ನೋಡಿಕೊಳ್ಳುವ ಹಿರಿಯರ ಕಿವಿಗೆ ಬಿತ್ತು. ಪಾಸ್ಟರ ಹೆಂಡತಿ ಹೆಂಗಸರಿಗೆ ಹೇಳಬಾರದ್ದನ್ನು ಹೇಳಿಕೊಡುತ್ತಿದ್ದಾರೆ ಎಂದು ಯಾರೋ ದೂರಿದ್ದರು. ಆರಾಧನೆಯ ನಂತರ ಹಿರಿಯರು ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂತರು. ಅವರ ಮುಖಂಡ ಗೋಪೀನಾಥ್ ಸ್ಯಾಮುಯೆಲ್, ಬಸವೇಶ್ವರನಗರದ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಕೆಟ್ಟವರಲ್ಲ. ಬಾಡಿಗೆಯ ಆ ಮಹಡಿಯನ್ನು ಸಭೆಗೆ ಹುಡುಕಿಕೊಟ್ಟವರು ಅವರೇ.

“ಪಾಸ್ಟ್ರೇ, ಅಮ್ಮಾವ್ರ ಮೇಲೆ ನಮಗೇನೂ ಬೇಜಾರಿಲ್ಲ,” ಎಂದರು ಗೋಪೀನಾಥ್. “ಅವರು ಓದಿದೋರು. ಆದ್ರೆ ಒಂದು ಸಭೇಲಿ ಎರಡು ಥರ ಅರ್ಥ ಇದ್ರೆ ಜನ ಯಾವ್ದನ್ನ ಹಿಡೀಬೇಕು? ಆ ಹಾಡಲ್ಲಿ ಬರೋ ಇನಿಯ ಅಂದ್ರೆ ಯಾರು? ನೀವೇ ಹೇಳ್ಬಿಡಿ, ಇಲ್ಲಿಗೆ ಮುಗಿದೋಗ್ಲಿ.”

ವಿಜಯಶ್ರೀ ಗಂಡನ ಮುಖ ನೋಡಿದಳು. ಅವನು ತನ್ನ ಪರ ವಹಿಸಲಿ ಎಂದು ಅವಳೇನೂ ಬಯಸಿರಲಿಲ್ಲ. ಇದರಲ್ಲಿ ತಿಳಿದವರಲ್ಲೇ ಭಿನ್ನಾಭಿಪ್ರಾಯವಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ಅವನಿಗೆ ಗೊತ್ತಿದ್ದ ಸಂಗತಿ.

“ಕ್ರಿಸ್ತ,” ಎಂದ ಕೃಪಾಕರ. “ಬೇರೆ ಯಾರೂ ಅಲ್ಲ.”

“ಹಾಗಾದ್ರೆ ಅಮ್ಮಾವ್ರು ಹೇಳಿದ್ದು?”

“ತಪ್ಪು.” ಅವನು ನೆಲ ನೋಡುತ್ತಿದ್ದ. “ಅವಳಿಗೆ ಸ್ವಲ್ಪ ದಿನ ರೆಸ್ಟ್ ಬೇಕು. ಸ್ತ್ರೀಯರ ಕೂಟ ಬೇರೆ ಯಾರಾದ್ರೂ ನೋಡ್ಕೊಳ್ಳಲಿ.”

ಸ್ಕೂಟರಿನಲ್ಲಿ ಮನೆಗೆ ಬರುವಾಗ ವಿಜಯಶ್ರೀ ಹಿಂದಿನ ಕಂಬಿಯನ್ನು ಹಿಡಿದುಕೊಂಡು ಕೂತಳು. ಚಂದ್ರಾ ಲೇಔಟಿನ ಸಿಗ್ನಲ್ಲಿನಲ್ಲಿ ನಿಂತಾಗ ಅವನು ಏನೋ ಹೇಳಲು ಕತ್ತು ತಿರುಗಿಸಿದ. ಅವಳು ಪಕ್ಕದ ಬಸ್ಸಿನ ಕಿಟಕಿ ನೋಡುತ್ತಿದ್ದಳು. ಮನೆಯ ಬಾಗಿಲು ತೆಗೆದು ಒಳಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

“ದೋದೀಮ್ ಅಂದ್ರೆ ಏನು ಅಂತ ನಿಮಗೆ ಗೊತ್ತು. ನನಗಿಂತ ಚೆನ್ನಾಗಿ ಗೊತ್ತು. ಯಾಕೆ ತಪ್ಪು ಅಂದ್ರಿ?”

ಕೃಪಾಕರ ಕುರ್ಚಿಯ ತುದಿಯಲ್ಲಿ ಕೂತ. ಮೇಲೆ ಮೆಟ್ರೋ ಹಾದುಹೋದ ಸದ್ದಾಯಿತು.

“ನೀನು ಹೇಳೋ ಅರ್ಥ ಸರಿ ಆದ್ರೆ ನಾನು ಎಲ್ಲಿ ನಿಲ್ಲಲಿ, ವಿಜಯಾ?”

“ಏನು ಹಾಗಂದ್ರೆ?”

“ನನಗೆ ಅದು ಇಲ್ಲ. ಯಾವತ್ತೂ ಇರ್ಲಿಲ್ಲ.” ಅವನು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ಮಾತಾಡಿದ. “ನಿನ್ನ ಮೇಲೆ ಅಂತಲ್ಲ, ಯಾರ ಮೇಲೂ ಇಲ್ಲ. ಗಂಡಸರ ಮೇಲೂ ಇಲ್ಲ, ಅದನ್ನೂ ನನ್ನೊಳಗೆ ಹುಡುಕಿ ನೋಡಿದೀನಿ. ಹಾಸ್ಟೆಲಲ್ಲಿ ಹುಡುಗರು ಮಾತಾಡ್ಕೊಳ್ತಿದ್ರೆ ನನಗೆ ಅದು ಯಾವುದೋ ದೇಶದ ಭಾಷೆ ಥರ ಕೇಳ್ತಿತ್ತು. ಎಲ್ಲರಿಗೂ ಇರೋದು ನನಗೊಬ್ಬನಿಗೆ ಇಲ್ಲ ಅಂತ ಹೆದರ್ಕೊಂಡಿದ್ದೆ. ಆಮೇಲೆ ಆ ಹಾಡು ಓದಿದ್ವಲ್ಲ, ಅದೆಲ್ಲ ದೇವರ ವಿಷಯ ಅಂತ ಹಳಬರು ಬರೆದಿದ್ದನ್ನ ಓದಿದೆ. ಅವತ್ತು ಮೊದಲ ಸಲ ಉಸಿರು ಬಿಟ್ಟೆ. ಹಾಗಾದ್ರೆ ನಾನೂ ಪ್ರೀತಿಸಬಲ್ಲೆ ಅನ್ನಿಸ್ತು. ನಿನ್ನನ್ನ ಮದುವೆ ಆಗ್ತೀನಿ ಅಂದಿದ್ದೂ ಅದೇ ಧೈರ್ಯದ ಮೇಲೆ.”

ವಿಜಯಶ್ರೀ ಗೋಡೆಗೆ ಒರಗಿದಳು. “ಮುಂಚೆನೇ ಹೇಳಬಹುದಿತ್ತಲ್ರೀ.”

“ಮದುವೆ ಆದ್ಮೇಲೆ ತಾನೇ ಬರುತ್ತೆ ಅಂದ್ಕೊಂಡೆ. ಎಲ್ಲರೂ ಹಾಗೇ ಹೇಳ್ತಾರಲ್ಲ.”

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಆ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ಅವಳಿಗೆ ತಿಳಿಯಲಿಲ್ಲ. ತನ್ನ ಬಣ್ಣ ಕಪ್ಪಾದ್ದರಿಂದಲೋ, ಬೆನ್ನಿನ ಮೇಲಿನ ಸುಟ್ಟ ಕಲೆಯಿಂದಲೋ ಎಂದು ತನ್ನನ್ನೇ ತಾನು ಹಳಿದುಕೊಂಡ ವರ್ಷಗಳು ಎದುರಿಗೆ ಬಂದವು. ತನ್ನ ಆಸೆ ಅವಮಾನದ ಸಂಗತಿಯಲ್ಲ ಎಂದು ಅವಳಿಗೆ ಧೈರ್ಯ ಹೇಳಿದ್ದು ಆ ಪ್ರೇಮಗೀತೆಗಳ ಪುಟಗಳೇ. ಅವನಲ್ಲಿ ಆ ಆಸೆ ಇಲ್ಲದಿರುವುದಕ್ಕೆ ನೆರಳು ಕೊಟ್ಟದ್ದೂ ಅವೇ ಪುಟಗಳು.

“ನನಗೆ ಅದು ಬೇಕಿತ್ತು,” ಎಂದಳು. “ಬೇಕು ಅಂತ ಹೇಳೋಕೆ ನಾಚ್ಕೊಂಡು ಇಷ್ಟು ವರ್ಷ ಕಳೆದೆ.”

“ಗೊತ್ತು.”

“ಗೊತ್ತಿತ್ತಾ?”

“ಗೊತ್ತಿತ್ತು.” ಅವನು ತಲೆಯೆತ್ತಿದ. “ನೀನು ಹೋಗ್ತೀನಿ ಅಂದ್ರೆ ಹೋಗು ವಿಜಯಾ. ತಪ್ಪೆಲ್ಲ ನಂದೇ ಅಂತ ಸಭೆ ಮುಂದೆ ನಿಂತು ಹೇಳ್ತೀನಿ.”

ಎಲ್ಲಿಗೆ ಹೋಗುವುದು? ಬೆಟಗೇರಿಯಲ್ಲಿ ತಂದೆ ತೀರಿಹೋಗಿ ಅಣ್ಣ ಅತ್ತಿಗೆಯರ ಸಂಸಾರವಾಗಿತ್ತು. ಹೋಗಿ ಏನೆಂದು ಹೇಳುವುದು? ಹೊಡೆಯದ, ಬೈಯದ, ಕುಡಿಯದ ಗಂಡನನ್ನು ಬಿಟ್ಟು ಬಂದೆ ಎಂದರೆ ಯಾರಿಗೆ ಅರ್ಥವಾದೀತು? ಅವಳು ತಾರಸಿಗೆ ಹೋಗಿ ಒಣಗಿದ ಬಟ್ಟೆಗಳನ್ನು ತೆಗೆದಳು. ಅವನ ಬಿಳಿ ಅಂಗಿಯನ್ನು ಮಡಿಸುವಾಗ ಅದನ್ನು ಮುಖಕ್ಕೆ ಒತ್ತಿಕೊಂಡಳು. ಸೋಪಿನ ವಾಸನೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಅಲ್ಲೇ ನೀರಿನ ಟ್ಯಾಂಕಿನ ಪಕ್ಕ ಕೂತು ಅತ್ತಳು.

ಅದಾದ ಮೇಲೂ ಇಬ್ಬರೂ ಅದೇ ಮನೆಯಲ್ಲಿದ್ದರು. ನಿಜ ಗೊತ್ತಾದರೆ ಮನಸ್ಸು ಹಗುರವಾಗುತ್ತದೆ ಎಂದು ಅವಳು ಎಷ್ಟೋ ಜನಕ್ಕೆ ಹೇಳಿದ್ದಳು. ಈಗ ಹಾಗಾಗಲಿಲ್ಲ. ಮೊದಲು ಎಂದಾದರೂ ಬದಲಾದೀತು ಎಂಬ ಒಂದು ಆಸೆಯಿತ್ತು. ಈಗ ಅದೂ ಹೋಗಿ, ಎದುರು ಕೂತವನು ಅನ್ನಕ್ಕೆ ಮಜ್ಜಿಗೆ ಕಲೆಸಿಕೊಳ್ಳುವುದನ್ನು ನೋಡುತ್ತ ಕೂರುತ್ತಿದ್ದಳು. ಅವನು ಮೊದಲಿಗಿಂತ ಹೆಚ್ಚು ಕಾಳಜಿ ಮಾಡತೊಡಗಿದ. ಅದು ಅವಳಿಗೆ ಇನ್ನೂ ಹಿಂಸೆಯಾಯಿತು.

ಆ ಬೇಸಿಗೆಯಲ್ಲಿ ಅಮರೇಶ ಸತ್ತ. ಮಾಗಡಿ ರಸ್ತೆಯಲ್ಲಿ, ಬ್ಯಾಡರಹಳ್ಳಿಯ ತಿರುವಿನ ಹತ್ತಿರ ಮಧ್ಯಾಹ್ನ ಪಾರ್ಸೆಲ್ ತೆಗೆದುಕೊಂಡು ಹೋಗುತ್ತಿದ್ದಾಗ ನೀರಿನ ಟ್ಯಾಂಕರ್ ಹಿಂದಿನಿಂದ ಗುದ್ದಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಕೃಪಾಕರ ಶವಾಗಾರದ ಮುಂದೆ ಇಡೀ ದಿನ ನಿಂತು ಬೇಕಾದ ಕೆಲಸವೆಲ್ಲ ಮಾಡಿಸಿದ. ಸಿಂಧನೂರಿನಿಂದ ಬಂದ ಅಮರೇಶನ ಅಣ್ಣಂದಿರು ಮಣ್ಣು ಮಾಡುವುದು ಊರಲ್ಲೇ ಆಗಬೇಕೆಂದರು. ಸೌಂದರ್ಯಾ ಆಂಬುಲೆನ್ಸಿನಲ್ಲಿ ಹೆಣದ ಪಕ್ಕ ಕೂತು ಹೋದಳು. ಹೊರಡುವ ಮುಂಚೆ ವಿಜಯಶ್ರೀ ಅವಳ ಕೈ ಹಿಡಿದುಕೊಂಡಾಗ ಆ ಕೈ ಹಿಟ್ಟಿನ ಮುದ್ದೆಯ ಹಾಗೆ ಸುಮ್ಮನೆ ಬಿದ್ದಿತ್ತು.

ತಿಂಗಳು ಕಳೆದ ಮೇಲೆ ಕೋಣೆ ಖಾಲಿ ಮಾಡಲು ಸೌಂದರ್ಯಾ ಮತ್ತೆ ಬಂದಳು. ಸಾಮಾನು ತುಂಬಿದ ಟೆಂಪೋವನ್ನು ಭಾವನ ಜೊತೆ ಮುಂದೆ ಕಳಿಸಿ, ಬೆಳಗಿನ ಹತ್ತರ ಹೊತ್ತಿಗೆ ಅತ್ತಿಗುಪ್ಪೆಯ ಮನೆಗೆ ಬಂದು ಬಾಗಿಲಲ್ಲಿ ನಿಂತಳು. ಶಾಲೆಗೆ ರಜೆ ಇದ್ದುದರಿಂದ ವಿಜಯಶ್ರೀ ಮನೆಯಲ್ಲೇ ಇದ್ದಳು. ಒಳಗಿನ ಕೋಣೆಯಲ್ಲಿ ಕೃಪಾಕರ ಓದುತ್ತಿದ್ದ.

ಸೌಂದರ್ಯಾ ನೆಲದ ಮೇಲೆಯೇ ಕೂತಳು. ಕೊಟ್ಟ ನೀರನ್ನು ಕುಡಿಯಲಿಲ್ಲ.

“ಅಮ್ಮಾರ, ಅವತ್ತು ಆ ಹುಡುಗಿ ಕಾಯಾಕತ್ತಿದ್ದು ತನ್ನ ಹುಡುಗನ್ನ ಅಂದ್ರಿ,” ಎಂದಳು. “ನನಗ ಭಾಳ ಸಂತೋಷ ಆತು. ಮನಿಗೆ ಹೋಗಿ ಅವಗೂ ಹೇಳಿದ್ನಿ. ಶಾಸ್ತ್ರದಾಗ ನಮ್ಮಂಥೋರ ಸುದ್ದಿ ಐತಂತ ಅಂದ್ನಿ. ಅವ ನಕ್ಕ.”

ವಿಜಯಶ್ರೀ ಅವಳ ಪಕ್ಕ ನೆಲದ ಮೇಲೆ ಕೂತಳು.

“ಈಗ ನನಗ ಪಾಸ್ಟರ್ ಅಯ್ಯಾರು ಹೇಳೋ ಅರ್ಥ ಬೇಕ್ರಿ. ಆ ಅರ್ಥದಾಗ ಇನಿಯ ಸಾಯೂದಿಲ್ಲಲ್ರಿ. ಅದನ್ನ ಹೇಳ್ರಿ ನನಗ.”

ತಾನು ಒಪ್ಪದ ಅರ್ಥವನ್ನು ಈ ಹುಡುಗಿಗೆ ಹೇಗೆ ಹೇಳುವುದು ಎಂದು ವಿಜಯಶ್ರೀ ತಡವರಿಸಿದಳು. ಹೇಳದಿದ್ದರೆ ಅವಳನ್ನು ಬರಿಗೈಯಲ್ಲಿ ಕಳಿಸಿದಂತೆ. ಕೊನೆಗೆ ಹೇಳತೊಡಗಿದಳು. ಬಾಗಿಲು ತಟ್ಟಿದ ಇನಿಯ, ಏಳಲು ತಡಮಾಡಿದ ಹುಡುಗಿ, ಬಾಗಿಲು ತೆರೆದಾಗ ಅವನು ಅಲ್ಲಿಲ್ಲ. ಅವನನ್ನು ಹುಡುಕಿ ಪಟ್ಟಣದಲ್ಲಿ ಅಲೆದವಳನ್ನು ಕಾವಲುಗಾರರು ಹೊಡೆಯುತ್ತಾರೆ. ಆ ಹುಡುಗಿ ಅಂದರೆ ನಮ್ಮ ಜೀವ ನೋಡವ್ವಾ, ಎಂದಳು. ಅವನು ದೇವರು. ಸತ್ತು ಹೋದದ್ದಲ್ಲ, ಮರೆಯಾದದ್ದು. ಹಂಬಲ ಬೆಳೆಯಲಿ ಅಂತ ಸರಿದು ನಿಂತಿದ್ದಾನೆ, ಎಂದಳು. ಕಾಲೇಜಿನಲ್ಲಿ ಕೃಪಾಕರ ಕ್ಯಾಂಟೀನಿನ ಮೇಜಿನ ಆಚೆ ಕೂತು ಹೇಳುತ್ತಿದ್ದ ಮಾತುಗಳೇ ಅವಳ ಬಾಯಿಂದ ಬರುತ್ತಿದ್ದವು. ಅವುಗಳಲ್ಲಿ ಚೆಲುವಿತ್ತು. ಒಬ್ಬ ಮನುಷ್ಯ ಇಷ್ಟು ಕಾಲ ಇವುಗಳ ಆಸರೆಯಲ್ಲಿ ಬದುಕಿದ್ದಾನೆ ಎಂಬುದೂ ಅವಳಿಗೆ ಗೊತ್ತಿತ್ತು. ಆದ್ದರಿಂದ ಮನಸ್ಸಿಟ್ಟೇ ಹೇಳಿದಳು.

ಸೌಂದರ್ಯಾ ಪೂರ್ತಿ ಕೇಳಿದಳು. ಕೇಳುತ್ತಾ ಒಮ್ಮೆ ತಲೆಯನ್ನೂ ಆಡಿಸಿದಳು.

“ಚಲೋ ಐತ್ರಿ,” ಎಂದಳು. “ಆದ್ರ ಅದು ಅಮರೇಶ ಅಲ್ರಿ.”

“ಸೌಂದರ್ಯಾ...”

“ಅವ ಬಂದು ಹೆಲ್ಮೆಟ್ ತೆಗೆದ್ರ ಹಣಿ ಮ್ಯಾಲೆ ಕೆಂಪಗ ಗೆರಿ ಬಿದ್ದಿರ್ತಿತ್ತು. ಆ ಗೆರಿ ಹೋಗೂ ತನಕ ನಾ ಬೆರಳೀಲೆ ತಿಕ್ತಿದ್ನಿ. ಅವ ಕಣ್ಣು ಮುಚ್ಚಿಕೊಂಡು ಕುಂದರ್ತಿದ್ದ.” ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. “ದೇವ್ರ ಹಣಿ ಮ್ಯಾಲೆ ಏನು ತಿಕ್ಲಿ ಅಮ್ಮಾರ?”

ಕೃಪಾಕರ ಒಳಗಿನ ಬಾಗಿಲಿಗೆ ಬಂದು ನಿಂತಿದ್ದ. ಸಾವಿನ ಮನೆಗಳಲ್ಲಿ ಎಷ್ಟೋ ಜನರನ್ನು ಸಂತೈಸಿದ್ದವನು ಈಗ ಚೌಕಟ್ಟನ್ನು ಹಿಡಿದುಕೊಂಡು, “ಪ್ರಾರ್ಥನೆ ಮಾಡೋಣ್ವಾಮ್ಮ?” ಎಂದಷ್ಟೇ ಕೇಳಿದ.

“ಬ್ಯಾಡ್ರಿ ಅಯ್ಯಾರ,” ಎಂದಳು ಸೌಂದರ್ಯಾ, ಗೌರವ ಬಿಡದೆ. “ನಾ ಹೋದಮ್ಯಾಲೆ ಮಾಡ್ರಿ.”

ಎದ್ದು ಹೊರಡುವಾಗ ಅವಳು ವಿಜಯಶ್ರೀಯ ಭುಜ ಮುಟ್ಟಿದಳು. “ನೀವು ಪುಣ್ಯವಂತ್ರು ಅಮ್ಮಾರ. ಅಯ್ಯಾರು ಮನಿಯಾಗ ಕಣ್ಮುಂದ ಅದಾರ.”

ವಿಜಯಶ್ರೀ ಹೂಂ ಎಂದಳು. ಸೌಂದರ್ಯಾ ಮೆಟ್ಟಿಲಿಳಿದು ಬೀದಿಯ ತಿರುವಿನಲ್ಲಿ ಕಾಣದಾಗುವವರೆಗೂ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಂದಾಗ ಕೃಪಾಕರ ಅದೇ ಚೌಕಟ್ಟಿಗೆ ಒರಗಿ ನಿಂತಿದ್ದ.

“ನೀನು ನನ್ನ ಅರ್ಥಾನೇ ಹೇಳಿದೆ,” ಎಂದ. “ನಾನು ಹೇಳೋದಕ್ಕಿಂತ ಚೆನ್ನಾಗಿ ಹೇಳಿದೆ.”

“ಏನೂ ಆಗ್ಲಿಲ್ವಲ್ರೀ.”

“ಇಲ್ಲ.” ಅವನು ಬಂದು ಕುರ್ಚಿಯಲ್ಲಿ ಕೂತ. “ಅವಳು ಆ ಗೆರೆ ವಿಷಯ ಹೇಳ್ತಿದ್ದಾಗ, ನಾನು ಇಷ್ಟು ವರ್ಷ ಏನು ಬೋಧಿಸ್ತಿದ್ದೆ ಅಂತ ನನಗೇ ಗೊತ್ತಾಗ್ಲಿಲ್ಲ. ದೇವರನ್ನಾದ್ರೂ ನಾನು ಪ್ರೀತಿಸಿದ್ದೀನಾ ವಿಜಯಾ? ಅಥವಾ ಬಚ್ಚಿಟ್ಕೊಳ್ಳೋಕೆ ಜಾಗ ಸಿಕ್ಕಿತು ಅಂತ ಹೋಗಿ ನಿಂತ್ಕೊಂಡ್ನಾ?”

ಹಿಂದೆ ಆಗಿದ್ದರೆ ಅವಳು ವಾದಕ್ಕೆ ನಿಲ್ಲುತ್ತಿದ್ದಳು. ನಿಮ್ಮ ಪ್ರೀತಿಯೂ ಪ್ರೀತಿಯೇ, ಜ್ವರ ಬಂದವರ ಹಾಸಿಗೆಯ ಪಕ್ಕ ಕೂತದ್ದೆಲ್ಲ ಮತ್ತೇನು ಎಂದು ಹೇಳುತ್ತಿದ್ದಳೋ ಏನೋ. ಆ ಮಾತು ಬಾಯಿಗೂ ಬಂತು. ಆದರೆ ಅದನ್ನು ಹೇಳಿದರೆ ತನಗೆ ಸಿಗದೆ ಹೋದದ್ದನ್ನು ತಾನೇ ಅಳಿಸಿ ಹಾಕಿದಂತಾಗುತ್ತದೆ ಎನ್ನಿಸಿ ಸುಮ್ಮನಾದಳು. ಅವನು ಕಾದ.

ಮುಂದಿನ ಭಾನುವಾರ ಕೃಪಾಕರ ಪ್ರಸಂಗಕ್ಕೆಂದು ಎದ್ದು ನಿಂತು, ಗಂಟಲು ಸರಿಯಿಲ್ಲವೆಂದು ಹೇಳಿ ಎರಡು ಹಾಡು ಹಾಡಿಸಿ ಕೂತ. ಅದರ ಮರುವಾರ ಗೋಪೀನಾಥರ ಮನೆಗೆ ಹೋಗಿ ತನ್ನನ್ನು ಬಿಡುಗಡೆ ಮಾಡಬೇಕೆಂದು ಕೇಳಿದ. ಅವರು ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ. ಅಮ್ಮಾವ್ರ ವಿಷಯದಲ್ಲಿ ನಾವು ದುಡುಕಿದ್ವಾ ಪಾಸ್ಟ್ರೇ ಎಂದು ಆ ಹಿರಿಯರು ಕಣ್ಣಲ್ಲಿ ನೀರು ತಂದುಕೊಂಡರು. ಇಲ್ಲ ಸಾರ್, ಅವಳು ಹೇಳಿದ್ದು ತಪ್ಪಲ್ಲ, ನಾನು ಹೇಳಿದ್ದೇ ಸುಳ್ಳು ಎಂದು ಹೇಳಿ ಬಂದೆನೆಂದು ಅವನು ಮನೆಗೆ ಬಂದು ಹೆಂಡತಿಗೆ ತಿಳಿಸಿದ. ಅವಳಿಗೆ ಅದರಿಂದ ಯಾವ ಸಮಾಧಾನವೂ ಆಗಲಿಲ್ಲ. ಗುರುವಾರದ ಕೂಟವನ್ನು ಮತ್ತೆ ನಡೆಸಿಕೊಡಿ ಎಂದು ಹೆಂಗಸರು ಬಂದು ಕರೆದರು. ಅವಳು ಹೋಗಲಿಲ್ಲ.

ಕೃಪಾಕರ ಚಾಮರಾಜನಗರದ ಕಡೆ ಒಂದು ಹಾಸ್ಟೆಲಿನ ವಾರ್ಡನ್ ಆಗಿ ಹೋದ. ಬೇರೆಯಾಗೋಣ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಹೋಗುವಾಗ ಅವನು ಪುಸ್ತಕಗಳನ್ನೆಲ್ಲ ಬಿಟ್ಟು ಹೋದ. ವಿಜಯಶ್ರೀ ಬೆಳಿಗ್ಗೆ ಶಾಲೆಗೆ ಹೋಗುತ್ತಾಳೆ, ಸಂಜೆ ಬರುತ್ತಾಳೆ. ಸೌಂದರ್ಯಾಳ ನಂಬರಿಗೆ ಹಲವು ಸಲ ಫೋನ್ ಮಾಡಿದಳು. ಆ ನಂಬರ್ ಚಾಲ್ತಿಯಲ್ಲಿಲ್ಲ ಎಂಬ ಹೆಣ್ಣು ದನಿ ಕೇಳಿ ಕೇಳಿ ಮಾಡುವುದನ್ನು ಬಿಟ್ಟಳು. ಪ್ರಾರ್ಥಿಸಲು ಕೂತರೆ, ಯಾರನ್ನು ಕರೆಯುತ್ತಿದ್ದೇನೆ ಎಂಬ ಕಡೆಗೆ ಮನಸ್ಸು ಹೋಗಿ ಅಲ್ಲಿಗೇ ನಿಲ್ಲುತ್ತದೆ.

ಶನಿವಾರ ಸಂಜೆ ಕೃಪಾಕರನ ಫೋನ್ ಬರುತ್ತದೆ.

“ಊಟ ಆಯ್ತಾ?”

“ಆಯ್ತು.”

“ಏನು ಮಾಡಿದ್ದೆ?”

ಒಲೆಯನ್ನೇ ಹಚ್ಚಿರದ ವಿಜಯಶ್ರೀ, “ಹುಳಿ, ಪಲ್ಯ,” ಎನ್ನುತ್ತಾಳೆ. ಅವನು ಹುಂ ಎನ್ನುತ್ತಾನೆ. ಆಚೆ ಹಾಸ್ಟೆಲಿನ ತಟ್ಟೆಗಳ ಸದ್ದು ಕೇಳಿಸುತ್ತದೆ. ಇಬ್ಬರೂ ಇನ್ನೂ ಸ್ವಲ್ಪ ಹೊತ್ತು ಫೋನ್ ಹಿಡಿದುಕೊಂಡೇ ಇರುತ್ತಾರೆ, ಆಮೇಲೆ ಯಾರೋ ಒಬ್ಬರು ಇಡುತ್ತಾರೆ.